ಹನ್ನೊಂದನೇ ಗೂಟ

ಗುರುವಾರ ಗುರುವಾರ ನಾನು ಗೂಟ ಓದುತ್ತೇನೆ.
ದಾವಣಗೆರೆ ಮುಗಿಯುವ ಕಡೆ, ನಾಲೆಯ ಕೊನೆಯಂಚು.
ಹಿಂದೆ ಭತ್ತದ ಗದ್ದೆ, ಆಮೇಲೆ ಚೌಳು,
ಈಗ ಪಾಲಿಕೆಯ ಬೋರ್ಡಿನ ಪ್ರಕಾರ ಉದ್ಯಾನವನ.
ಬಸಿದ ನೀರು ನಿಂತು ನಿಂತು
ಬೇಸಗೆಗೆ ಬಿಳಿಯ ಹೆಪ್ಪು ಕಟ್ಟುವ ನೆಲ.
ದೂರದಿಂದ ನೋಡಿದವರು ಮಂಡಕ್ಕಿ ಚೆಲ್ಲಿದೆ ಅನ್ನುತ್ತಾರೆ.
ಹತ್ತಿರ ಬಂದರೆ ಚಪ್ಪಲಿ ಹಿಡಿದುಕೊಂಡು ಬಿಡುವುದಿಲ್ಲ.

ಇಪ್ಪತ್ತು ಗೂಟ. ಕಬ್ಬಿಣದ ಸರಳು, ತುದಿಗೆ ಕೆಂಪು ಬಣ್ಣ.
ನೆಲದ ಮೇಲೆ ಎಷ್ಟು ಕಾಣುತ್ತದೋ ಅಷ್ಟು ಬರೆಯಬೇಕು:
ಹೆಚ್ಚು ಕಂಡರೆ ಮಣ್ಣು ಹೋಗಿದೆ,
ಕಡಿಮೆ ಕಂಡರೆ ಮಣ್ಣು ಬಂದಿದೆ.
ಇಷ್ಟೇ ವಿದ್ಯೆ. ಇದಕ್ಕೆ ತಿಂಗಳಿಗೆ ಒಂಬತ್ತು ಸಾವಿರ, ಗುತ್ತಿಗೆ,
ಜೊತೆಗೆ ಒಂದು ಕೊಡೆ.

ಮೇಲೆ, ವಾಕಿಂಗ್ ಪಥಕ್ಕೆಂದು ಗುಡ್ಡೆ ಹಾಕಿದ ಕೆಮ್ಮಣ್ಣು.
ಕೆಳಗೆ ಜೇಕು, ಆಪು, ನಾವು ನೆಟ್ಟ
ಉಪ್ಪಿಗೆ ಅಂಜದ ಹುಲ್ಲಿನ ಸಾಲು.
ನಡುವೆ ಹೊಸದುರ್ಗದಿಂದ ಬಂದ ತೆಂಗಿನ ನಾರಿನ ಸುರುಳಿ,
ಮಲಗಿದ ಎಮ್ಮೆಯ ಹಾಗೆ, ಒದ್ದರೂ ಏಳದ್ದು.
ಮೇಲಿನದು ಕೆಳಗಿನದರ ಬಾಯಿಗೆ ಬೀಳಬಾರದು.
ಕಾಮಗಾರಿ ಮುಗಿಯುವ ತನಕ ಅದೇ ನನ್ನ ಕಾವಲು.

ಜೂನ್, ಎರಡನೇ ವಾರ. ರಾತ್ರಿಯೆಲ್ಲ ಹೊಯ್ದ ಮಳೆ.
ಬೆಳಿಗ್ಗೆ ಹೋದರೆ ಹನ್ನೊಂದನೇ ಗೂಟವೇ ಇಲ್ಲ.
ಕೆಮ್ಮಣ್ಣು ಸುರುಳಿ ಹಾರಿ ಬಂದು
ಎಳೆ ಹುಲ್ಲಿನ ಕತ್ತಿನವರೆಗೆ ಕೂತಿದೆ,
ಕರೆಯದೆ ಬಂದು ಮೊದಲ ಪಂಕ್ತಿಗೇ ಕೂತವರಂತೆ.
ಬಾಟಲಿಗೆ ಹಿಡಿದ ನೀರು ಹಾಲು ಹೆಚ್ಚಾದ ಚಹಾ.
ಫೋನಿನಲ್ಲಿ ಎಂಜಿನಿಯರ್ ಪ್ರಭುಲಿಂಗ:
"ಫೋಟೋ ಬೇಡ, ಮೊದಲು ಅಳತೆ ಕಳಿಸು."
ಇಲ್ಲದ ಗೂಟದ ಅಳತೆ ಎಷ್ಟು ಸರ್?

ತಿಪ್ಪಕ್ಕ ಬಂದಳು, ಮೇಕೆ ಹೊಡಕೊಂಡು.
ಚಳ್ಳಕೆರೆ ಕಡೆಯ ಅವಳ ತವರಿನಲ್ಲಿ
ಮುತ್ತಜ್ಜಿ ನೆಲದ ಬಿಳಿ ಕೆರೆದು, ಕಲಸಿ, ಸೋಸಿ,
ಕುದಿಸಿ ಉಪ್ಪು ಮಾಡುತ್ತಿದ್ದಳಂತೆ.
ಒಂದು ಚಿಟಿಕೆ ನಾಲಿಗೆಗಿಟ್ಟು ಉಗಿದಳು:
"ಇದು ಉಣ್ಣೋ ಉಪ್ಪಲ್ಲ ಬಿಡು, ಬಟ್ಟೆ ಒಗಿಯೋ ಚೌಳು."
ಆಮೇಲೆ ಕೇಳಿದಳು:
"ನೀರು ಹೆಚ್ಚಾಗಿ ಹೊಲ ಕೆಟ್ಟಾಗ ಒಬ್ರೂ ಬರ್ಲಿಲ್ಲ.
ಈಗ ಕೆಟ್ಟದ್ದು ಕೆಡಬಾರ್ದು ಅಂತ ಕಾಯ್ತೀಯಲ್ಲ, ಯಾಕವ್ವ?"

ಉತ್ತರ ಕೈಪಿಡಿಯಲ್ಲಿತ್ತು, ಇಪ್ಪತ್ಮೂರನೇ ಪುಟ.
ಓದಿ ಹೇಳಲು ಬಾಯಿ ಬರಲಿಲ್ಲ.
ಮೇಕೆಯೊಂದು ಏಳನೇ ಗೂಟದ ಹುಲ್ಲಿಗೆ ಬಾಯಿ ಹಾಕಿತ್ತು,
ಹೈ ಎಂದು ಓಡಿಸಿದೆ.
ಅದೇ ಉತ್ತರ ಅಂತ ತಿಳಿದುಕೊಂಡಳೋ ಏನೋ.

ಜೆಸಿಬಿಯ ದಾದಾಪೀರ್ ಯಂತ್ರ ನಿಲ್ಲಿಸಿ ಇಳಿದ.
"ಬಕೆಟ್ ಹಾಕಿದ್ರೆ ಹುಲ್ಲೂ ಕಿತ್ತು ಬರ್ತತಿ ಮೇಡಂ."
ಲುಂಗಿ ಎತ್ತಿ ಕಟ್ಟಿ ಕೈಯಲ್ಲೇ ತೋಡಿದ.
ಬಾಣಲೆ ಮೇಲೆ ಬಾಣಲೆ. ಅವನು, ನಾನು, ತಿಪ್ಪಕ್ಕ.
ಮೇಕೆಗಳು ದಡದಲ್ಲಿ ಮೇಸ್ತ್ರಿಗಳಂತೆ ನಿಂತು ನೋಡಿದವು.
ಸಂಜೆ ಐದಕ್ಕೆ ಬೆರಳಿಗೆ ಕಬ್ಬಿಣ ತಾಗಿತು.
ಸುರುಳಿಯ ಮೇಲೆ ಇನ್ನೊಂದು ಸುರುಳಿ,
ಗುಡ್ಡೆಗೆ ಸೆಣಬಿನ ಹೊದಿಕೆ,
ಹೊದಿಕೆಯ ಕಣ್ಣು ಕಣ್ಣಿಗೆ ಹುರುಳಿ.
ಅಂದಾಜು ಪಟ್ಟಿಯಲ್ಲಿ ಹುರುಳಿ ಇರಲಿಲ್ಲ,
ತಿಪ್ಪಕ್ಕನ ಸೆರಗಿನಲ್ಲಿತ್ತು.

ಜುಲೈ: ಗೂಟ ಹನ್ನೊಂದು, ಬಂದದ್ದು ನಾಲ್ಕು ಮಿಲಿಮೀಟರ್.
ಆಗಸ್ಟ್: ಎರಡು.
ಸೆಪ್ಟೆಂಬರಿನ ಮೂರನೇ ಗುರುವಾರ
ಸ್ಕೇಲು ಹಿಡಿದು ಮೂರು ಸಲ ಬಗ್ಗಿದೆ.
ಹೋಗಿಲ್ಲ. ಬಂದಿಲ್ಲ.
ಮೇಲೆ ಮಕ್ಕಳ ಜಾರುಬಂಡಿಗೆ ಹಳದಿ ಬಳಿಯುತ್ತಿದ್ದರು.
ಕೆಳಗೆ ಹುಲ್ಲು, ಕುಡಿದ ಉಪ್ಪನ್ನು ಎಲೆಯ ಮೇಲೆ ಕಕ್ಕಿ,
ಬಿಸಿಲಿಗೆ ಮಿಣಮಿಣ.
ರಿಜಿಸ್ಟರಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದೆ.

ಪ್ರಭುಲಿಂಗ ಕನ್ನಡಕ ಏರಿಸಿ ನೋಡಿದರು:
"ಏನಮ್ಮ ಕೊಟ್ರಮ್ಮ, ಹೋಗದೇ ಬರೆದೆಯಾ?"

ಚಪ್ಪಲಿ ಶೆಡ್ಡಿನ ಬಾಗಿಲಲ್ಲೇ ಬಿಟ್ಟು
ಮತ್ತೆ ಇಳಿದೆ.